ಕ್ಷಮೆ ಕೇಳುವ ಕರೆ

"ನೀವು ಹೇಳ್ಬೇಕಾದ್ದು ಇಷ್ಟೇ. ಒಂದಕ್ಷರ ಜಾಸ್ತಿ ಬೇಡ," ಎಂದ ಮೇಲ್ವಿಚಾರಕಿ, ಹಾಳೆಯನ್ನು ಕೀಬೋರ್ಡಿನ ಮೇಲಿಟ್ಟು, ಕುರ್ಚಿ ಎಳೆದು ಅವಳ ಪಕ್ಕ ಕೂತು, ತಾವೂ ಒಂದು ಹೆಡ್‌ಫೋನ್ ಕಿವಿಗೇರಿಸಿಕೊಂಡರು.

ವಿದ್ಯುತ್ ಕಂಪನಿಯ ದೂರು ವಿಭಾಗದಲ್ಲಿ ಅವಳಿಗೆ ಇದು ಹನ್ನೊಂದನೆಯ ವರ್ಷ. ದಪ್ಪ ದನಿಯಾದರೆ 'ಸರ್', ತೆಳು ದನಿಯಾದರೆ 'ಮೇಡಂ'. ಎರಡು ತಿಂಗಳ ಹಿಂದೆ ಎರಡನ್ನೂ ನಿಲ್ಲಿಸಬೇಕೆಂದು ಸುತ್ತೋಲೆ ಬಂದಿತ್ತು. ಇನ್ನು ಎಲ್ಲರೂ ಬರೀ 'ತಾವು'. ನಾಲಿಗೆ ಕೇಳಬೇಕಲ್ಲ. ಈಗ ಅವಳ ಮೇಲೆ ಮೂರನೆಯ ದೂರು: ಕರೆಂಟ್ ಹೋಗಿದೆಯೆಂದು ಫೋನ್ ಮಾಡಿದ ಹೆಂಗಸೊಬ್ಬರನ್ನು ಆರು ಸಲ ಸರ್ ಎಂದಿದ್ದಳು. ಆಕೆ ದೂರನ್ನು ವಾಪಸ್ ಪಡೆಯದಿದ್ದರೆ ನಾಳೆಯಿಂದ ಅವಳು ಕೆಲಸಕ್ಕೆ ಬರುವಂತಿರಲಿಲ್ಲ.

"ಸರ್ ಅಂದ್ರೂ ತಪ್ಪು, ಮೇಡಂ ಅಂದ್ರೂ ತಪ್ಪು. ಇನ್ನು ನಮ್ಮಜ್ಜಿ ತಾತನ್ನ ಕರೀತಿದ್ದ ಹಾಗೆ 'ಇವ್ರೇ, ಇವ್ರೇ' ಅನ್ಬೇಕಷ್ಟೆ," ಎಂದ ಪಕ್ಕದ ಮೇಜಿನವನು.

"ನಿನ್ನನ್ನ ದಿನಾ ಮೇಡಂ ಅಂದಿದ್ರೆ ಗೊತ್ತಾಗ್ತಿತ್ತು," ಎಂದರು ಮೇಲ್ವಿಚಾರಕಿ.

ಅವಳಿಗೆ ಇಬ್ಬರ ಮಾತೂ ಸರಿಯೆನ್ನಿಸಿತು. ಅದಕ್ಕಿಂತ ಹೆಚ್ಚೇನೂ ಅನ್ನಿಸಲಿಲ್ಲ. ನಂಬರ್ ಒತ್ತಿದಳು. ದೂರು ಕೊಟ್ಟಾಕೆ ಫೋನ್ ಎತ್ತಿದ ಕೂಡಲೇ ಹಾಳೆಯಲ್ಲಿದ್ದುದನ್ನು ಓದಿದಳು. ಗಂಟಲಿನ ಆಪರೇಷನ್ ಆದಾಗಿನಿಂದ ಅವಳ ದನಿ ದಪ್ಪಗಾಗಿ, ನೀರು ನಿಂತ ನಲ್ಲಿಯ ಹಾಗೆ ಗೊರಗುಟ್ಟುತ್ತಿತ್ತು.

ಆ ಕಡೆಯಾಕೆ ಕೊನೆಯವರೆಗೂ ಕೇಳಿಸಿಕೊಂಡರು.

"ಚಿಕ್ಕಂದಿನಿಂದ ಇದೇ ಆಯ್ತು ನಂಗೆ. ಸ್ಕೂಲಲ್ಲಿ ಗಂಡುಬೀರಿ ಅಂತಿದ್ರು. ಈಗ್ಲೂ ಫೋನ್ ಎತ್ತಿದ್ರೆ, 'ಮನೇಲಿ ಹೆಂಗಸ್ರಿದ್ರೆ ಕೊಡಿ' ಅಂತಾರೆ. ಅವತ್ತು ಯಾಕೋ ತಡ್ಕೊಳ್ಳೋಕಾಗ್ಲಿಲ್ಲ." ಆಕೆ ಉಸಿರುಬಿಟ್ಟರು. "ಹೋಗ್ಲಿ ಬಿಡಿ ಅಣ್ಣಾ, ನಿಮ್ಮ ಹೊಟ್ಟೆ ಮೇಲೆ ಯಾಕೆ ಹೊಡೀಲಿ. ವಾಪಸ್ ತಗೋತೀನಿ. ನಿಮ್ಗೂ ಹೆಂಡ್ತಿ ಮಕ್ಕಳು ಇರ್ತಾರಲ್ವಾ?"

ಟಿಪ್ಪಣಿ ಬರೆಯುತ್ತಿದ್ದ ಮೇಲ್ವಿಚಾರಕಿಯ ಪೆನ್ನು ನಿಂತಿತು. ತಾನೂ ಹೆಂಗಸೇ ಎಂದು ಹೇಳಿಬಿಟ್ಟರೆ ಆಕೆಗೆ ಹೇಗಾದೀತು? ದೂರು ಹಾಗೇ ಉಳಿದುಬಿಟ್ಟರೆ? ಅವಳು ಹಾಳೆಯ ಮೇಲೆ ಕಣ್ಣಾಡಿಸಿದಳು. ಇದಕ್ಕೆ ಅದರಲ್ಲಿ ಉತ್ತರವಿರಲಿಲ್ಲ.

"ಇದಾರೆ," ಎಂದಳು. "ತಮ್ಮಿಂದ ಬಹಳ ಉಪಕಾರವಾಯ್ತು."

ಕರೆ ಮುಗಿಯಿತು. ಮೇಲ್ವಿಚಾರಕಿ ಹೆಡ್‌ಫೋನ್ ತೆಗೆದು, ಅದರ ವಯರನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತರು. ಪರದೆಯ ಮೇಲೆ ಮುಂದಿನ ಕರೆಯ ಹಸಿರು ಚುಕ್ಕೆ ಮಿನುಗತೊಡಗಿತು. ಅವಳು ಲೋಟವೆತ್ತಿ ಒಂದು ಗುಟುಕು ನೀರು ಕುಡಿದಳು. ನುಂಗಲು ಎಂದಿನಷ್ಟೇ ಹೊತ್ತು ಹಿಡಿಯಿತು.