ಏಳನೆಯ ಬಾವುಟ

ಓಟಕ್ಕೆ ಇನ್ನು ಎಂಟು ದಿನವಿದೆ ಎನ್ನುವಾಗ ಅಣ್ಣ ಹೊಲಿಗೆ ಅಂಗಡಿಗೆ ನುಗ್ಗಿದ. ಮೇಜಿನ ಮೇಲಿದ್ದ ಕೋಟಿನ ತೋಳುಗಳನ್ನು ಪಕ್ಕಕ್ಕೆ ತಳ್ಳಿ, ಕಂಕುಳಲ್ಲಿದ್ದ ಲಕೋಟೆಯಿಂದ ನಕ್ಷೆಯೊಂದನ್ನು ತೆಗೆದು ಹರಡಿದ.

"ಆರರಿಂದ ಎಂಟರವರೆಗೆ ಬದಲಾಯಿಸು," ಎಂದ.

ತಂಗಿ ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. "ಅಂಟಿಸಿದ ಲಕೋಟೆ ಕೊಟ್ಟಿದ್ದೆ, ಡ್ರಾಯಿಂಗ್ ಮೇಷ್ಟ್ರಿಗೆ ತಲುಪಿಸು ಅಂತ. ಬಿಚ್ಚಿ ನೋಡು ಅಂದೋರು ಯಾರು?"

"ನಾನು ಕ್ಲಬ್ಬಿನ ಅಧ್ಯಕ್ಷ."

"ನೀನು ಕುರ್ಚಿಗೆ ಅಧ್ಯಕ್ಷ. ಕಾಡಿಗಲ್ಲ."

ಅವಳಿಗೆ ಐವತ್ತಮೂರು. ಬೀದಿಯವರಿಗೆ ಟೈಲರಮ್ಮ, ಕ್ಲಬ್ಬಿನವರಿಗೆ ದಾರದುಂಡೆ. ಆ ಹೆಸರು ಬಂದದ್ದು ಹೊಲಿಗೆಯಿಂದಷ್ಟೇ ಅಲ್ಲ, ಅವಳು ಹಾಕುವ ಓಟಗಳಿಂದ. ಅವು ಗಂಟುಗಂಟಾಗಿ ಸುತ್ತಿಕೊಂಡು ಓಡುವವರ ತಲೆ ತಿನ್ನುತ್ತಿದ್ದವು. ಓರಿಯೆಂಟೀರಿಂಗ್ ಎಂಬ ಈ ಆಟದಲ್ಲಿ ದಾರಿಯನ್ನು ಯಾರೂ ತೋರಿಸುವುದಿಲ್ಲ. ಹೊರಡುವ ಗಳಿಗೆಯಲ್ಲಿ ಕೈಗೊಂದು ನಕ್ಷೆ ಸಿಗುತ್ತದೆ. ಅದರಲ್ಲಿ ಅಂಕಿ ಹಾಕಿದ ವೃತ್ತಗಳು. ಒಂದೊಂದು ವೃತ್ತದ ನಡುವೆಯೂ, ನೆಲದ ಮೇಲೆ, ಒಂದು ಕಿತ್ತಳೆ-ಬಿಳಿ ಬಾವುಟ ತೂಗುತ್ತಿರುತ್ತದೆ. ಅಂಕಿಯ ಕ್ರಮದಲ್ಲೇ ಹುಡುಕಿ ಹೋಗಿ, ಪ್ರತಿಯೊಂದರ ಬಳಿಯೂ ಚೀಟಿಗೆ ತೂತು ಹೊಡೆದುಕೊಂಡು ವಾಪಸು ಬರಬೇಕು. ಮಧ್ಯಮ ದೂರದ ಓಟವೆಂದರೆ ಗೆದ್ದವರಿಗೆ ಸುಮಾರು ಮೂವತ್ತೈದು ನಿಮಿಷ. ಆ ಮೂವತ್ತೈದು ನಿಮಿಷದಲ್ಲಿ ತಲೆಗೆ ಒಂದು ಗಳಿಗೆಯೂ ರಜೆ ಸಿಗಬಾರದು ಎಂಬುದು ದಾರದುಂಡೆಯ ಹಟ.

ಜಾಗ ಊರಾಚೆಯ ಹಳೆಯ ಹೆಂಚಿನ ಕಾರ್ಖಾನೆಯ ಹಿಂದಿತ್ತು. ಎಪ್ಪತ್ತು ವರ್ಷ ಮಣ್ಣು ಅಗೆದು ಬಿಟ್ಟುಹೋದ ಗುಂಡಿಗಳು, ಗುಂಡಿಗಳ ನಡುವೆ ಉಳಿದ ಏರಿಗಳು, ಎಲ್ಲದರ ಮೇಲೂ ಹಬ್ಬಿದ ಮುಳ್ಳುಪೊದೆ. ಮೂರು ತಿಂಗಳು ಪ್ರತಿ ಭಾನುವಾರ ಅವಳು ಅಲ್ಲಿ ಅಲೆದಿದ್ದಳು. ಹತ್ತೊಂಬತ್ತು ಬಾವುಟಗಳನ್ನೂ ತಾನೇ ಹೊಲಿದಿದ್ದಳು.

ಅಣ್ಣ ಬೆರಳಿಟ್ಟದ್ದು ಏಳನೆಯ ವೃತ್ತದ ಮೇಲೆ. ಅಕ್ಕಪಕ್ಕ ಒಂದೇ ತಾಯಿಯ ಮಕ್ಕಳಂತಿದ್ದ ನಾಲ್ಕು ಗುಂಡಿಗಳಲ್ಲಿ ಅದು ಮೂರನೆಯದು.

"ಇದರ ಬದಲು ಹಳೇ ಗಾಡಿ ರಸ್ತೇಲಿ ಓಡಿಸು. ಒಂದು ಕಿಲೋಮೀಟರ್ ನೆಟ್ಟಗೆ. ಜನಕ್ಕೆ ನೋಡೋಕೂ ಚೆಂದ."

"ಆ ರಸ್ತೇಲಿ ಓಡೋಕೆ ನಕ್ಷೆ ಯಾಕೆ? ನಿನ್ನ ಡ್ರೈವಿಂಗ್ ಸ್ಕೂಲಿನ ಬೋರ್ಡ್ ಹಿಡ್ಕೊಂಡು ಓಡಬಹುದು."

ಅಣ್ಣ ನಗಲಿಲ್ಲ. ಅವನು ಇಷ್ಟು ಹೊತ್ತು ಸುತ್ತಿ ಬಳಸಿ ಹೇಳುತ್ತಿದ್ದದ್ದು ಮಗಳ ವಿಷಯ. ಹತ್ತೊಂಬತ್ತು ವರ್ಷದ ಆ ಹುಡುಗಿಯನ್ನು ಅವನು 'ಬಾಣ' ಎಂದೇ ಕರೆಯುತ್ತಿದ್ದ. ಮೈದಾನದಲ್ಲಿ ಐದು ಕಿಲೋಮೀಟರನ್ನು ಹದಿನೆಂಟು ನಿಮಿಷದೊಳಗೆ ಮುಗಿಸುತ್ತಿದ್ದಳು. ಆದರೆ ನಕ್ಷೆಯೆಂದರೆ ಅವಳಿಗೆ ಅಷ್ಟಕ್ಕಷ್ಟೇ. ಈ ಓಟದಲ್ಲಿ ಮೊದಲಿಬ್ಬರು ಹೆಂಗಸರು ದೇಶದ ತಂಡದ ಶಿಬಿರಕ್ಕೆ ಹೋಗುವವರಿದ್ದರು.

"ಅವಳು ಅಲ್ಲಿ ಕಳೆದು ಹೋಗ್ತಾಳೆ. ನಿನಗೆ ಗೊತ್ತು," ಎಂದ ಅಣ್ಣ.

"ನಿನಗೂ ಗೊತ್ತು ಇದು ಒಳ್ಳೇ ಓಟ ಅಂತ. ಅದಕ್ಕೇ ಕೆಡಿಸು ಅಂತಿದೀಯ."

"ಕೊಡಲಿ ಕಾವು ಕುಲಕ್ಕೆ ಮೂಲ ಅಂತ ಸುಮ್ನೆ ಹೇಳಲಿಲ್ಲ ಹಿರಿಯರು."

"ಹೌದಣ್ಣ, ನಾನು ಕಾವೇ. ಡೊಂಕಿಲ್ಲದ ಕಾವು. ಈಗ ಆ ತೋಳಿಗೆ ಸುಕ್ಕು ಬೀಳೋಕೆ ಮುಂಚೆ ನಿನ್ನ ಕೈ ತೆಗಿ."

ಅಣ್ಣ ದೂರು ಹೇಳಲು ನೇರವಾಗಿ ಡ್ರಾಯಿಂಗ್ ಮೇಷ್ಟ್ರ ಮನೆಗೆ ಹೋದ. ಶಾಲೆಯಿಂದ ನಿವೃತ್ತರಾಗಿದ್ದ ಮೇಷ್ಟ್ರು ಈ ಓಟದ ಪರಿಶೀಲಕರು. ಅವರು ಒಪ್ಪಿ ಸಹಿ ಹಾಕದ ಹೊರತು ನಕ್ಷೆ ಅಚ್ಚಾಗುವಂತಿರಲಿಲ್ಲ. ಮರುದಿನ ಅವರು ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು, ಊರುಗೋಲು ಹಿಡಿದು, ದಾರದುಂಡೆಯ ಜೊತೆ ಹತ್ತೊಂಬತ್ತೂ ಜಾಗಗಳನ್ನು ಸುತ್ತಿದರು. ಏಳನೆಯ ಗುಂಡಿಗೆ ಇಳಿದು, ಹತ್ತಿ, ಮತ್ತೆ ಇಳಿದು ನೋಡಿದರು. ಮುಂದಕ್ಕೆ ನಡೆದರು. ಹದಿನಾಲ್ಕರಲ್ಲಿ ಮಾತ್ರ ತಲೆ ಅಲ್ಲಾಡಿಸಿದರು.

"ಇದನ್ನ ಪೊದೆ ಹಿಂದೆ ಬಚ್ಚಿಟ್ಟಿದೀಯಮ್ಮ. ಸರಿಯಾದ ಜಾಗಕ್ಕೆ ಬಂದವಳಿಗೆ ಬಾವುಟ ತಾನಾಗೇ ಕಾಣಬೇಕು. ಇದು ಓಟ, ಕಣ್ಣಾಮುಚ್ಚಾಲೆ ಅಲ್ಲ."

ಅವಳ ಮುಖ ಕೆಂಪಾಯಿತು. ಆದರೆ ಮೇಷ್ಟ್ರ ಮಾತು ನಿಜವಾಗಿತ್ತು. ಗೂಟ ಕಿತ್ತು ಎಂಟು ಹೆಜ್ಜೆ ಈಚೆಗೆ, ಬಯಲಿಗೆ ನೆಟ್ಟಳು. "ಏಳು?" ಎಂದು ಕೇಳಿದಳು.

"ಏಳಕ್ಕೆ ಕೈ ಹಚ್ಚಿದರೆ ನಾನು ಸಹಿ ಹಾಕಲ್ಲ," ಎಂದರು ಮೇಷ್ಟ್ರು.

ಓಟದ ಹಿಂದಿನ ಮಧ್ಯಾಹ್ನ ಹುಡುಗಿ ಅಂಗಡಿಗೆ ಬಂದಳು. ಓಡುವ ಅಂಗಿಯ ಮೊಣಕೈ ಹರಿದಿತ್ತು. ಅತ್ತೆ ಮಿಷನ್ನಿನ ಮುಂದೆ ಕೂತು ತೇಪೆ ಹಾಕುವಷ್ಟು ಹೊತ್ತೂ ಅವಳು ಸ್ಟೂಲಿನ ಮೇಲೆ ಕಾಲು ಕುಣಿಸುತ್ತಾ ಕೂತಿದ್ದಳು. ಎಂದಿನಂತೆ ಹರಟಲಿಲ್ಲ. ಅತ್ತೆಯ ನಾಲಗೆ ತುರಿಸುತ್ತಿತ್ತು. 'ಆರು ಮುಗಿದ ಮೇಲೆ ನಿಧಾನ ಮಾಡು, ಏರಿಗಳನ್ನು ಎಣಿಸು' ಎಂಬ ಒಂದು ಮಾತು ಸಾಕಿತ್ತು. ಎತ್ತಿ ಆಡಿಸಿದ ಮಗು. ಮೊದಲ ಸಲ ದಿಕ್ಸೂಚಿ ಹಿಡಿಸಿದ ಕೈ ತನ್ನದೇ. ಆದರೆ ನಾಳೆ ಆ ಗೆರೆಯ ಮೇಲೆ ನಿಲ್ಲುವ ಇನ್ನೂ ಇಪ್ಪತ್ತೆರಡು ಹೆಂಗಸರಿಗೆ ಹೊಲಿಗೆ ಅಂಗಡಿಯ ಅತ್ತೆ ಇರಲಿಲ್ಲ.

ದಾರ ಕತ್ತರಿಸಿ ಅಂಗಿ ಕೊಟ್ಟಳು. "ಚೆನ್ನಾಗಿ ನಿದ್ದೆ ಮಾಡು," ಎಂದಳು, ಅಷ್ಟೇ.

"ನೋಡೋಣ," ಎಂದು ಹುಡುಗಿ ಹೊರಟುಹೋದಳು.

ಮರುದಿನ ಬೆಳಗ್ಗೆ ಒಂಬತ್ತಕ್ಕೆ ಕಾರ್ಖಾನೆಯ ಅಂಗಳದಿಂದ ಎರಡೆರಡು ನಿಮಿಷಕ್ಕೊಬ್ಬರಂತೆ ಹೊರಟರು. ಬಾಣ ಕೊನೆಯವಳು. ನಕ್ಷೆ ಕೈಗೆ ಬಂದದ್ದೇ ತಡ, ಅದನ್ನು ಅರೆಕ್ಷಣ ನೋಡಿ ಚಿಮ್ಮಿದಳು. "ನೋಡಿ, ನೋಡಿ!" ಎಂದು ಅವಳಪ್ಪ ಪಕ್ಕದವರ ತೋಳು ಹಿಡಿದು ಅಲ್ಲಾಡಿಸಿದ.

ಗೆಲ್ಲುವಂಥ ಸಮಯದಲ್ಲಿ ಮೊದಲು ಬಂದವಳು ಬೇಕರಿಯಲ್ಲಿ ಹಿಟ್ಟು ನಾದುವ ಹೆಂಗಸು. ನಲವತ್ತು ದಾಟಿದ್ದಳು, ಎರಡು ಮಕ್ಕಳ ತಾಯಿ, ಓಟವೆಂದರೆ ನಡಿಗೆಗಿಂತ ತುಸು ಜೋರು. ಮೂವತ್ತಾರು ನಿಮಿಷ ಹತ್ತು ಸೆಕೆಂಡು. ನೆಲದ ಮೇಲೆ ಅಂಗಾತ ಬಿದ್ದುಕೊಂಡು, "ಏ ದಾರದುಂಡೆ, ಒಂದು ಸಲ ಮೂಗು ಒರೆಸ್ಕೊಳ್ಳೋಕೂ ಬಿಡಲಿಲ್ಲವಲ್ಲೇ ನೀನು! ಪೊದೆ ಮುಗೀತು ಅಂದ್ರೆ ಗುಂಡಿ, ಗುಂಡಿ ಮುಗೀತು ಅಂದ್ರೆ ಬಯಲು, ಓಡು ಅಂತೀಯ, ತಿರುಗು ಅಂತೀಯ. ನಿನ್ನ ಮನೆ ಹಾಳಾಗ!" ಎಂದು ಆಕಾಶಕ್ಕೆ ಕೂಗಿದಳು. ಮುಖದ ತುಂಬ ನಗು. ದಾರದುಂಡೆಗೆ ಅಷ್ಟು ಒಳ್ಳೆಯ ಹೊಗಳಿಕೆ ಅದುವರೆಗೆ ಸಿಕ್ಕಿರಲಿಲ್ಲ.

ಹುಡುಗಿ ಬಂದದ್ದು ನಲವತ್ತಾರು ನಿಮಿಷಕ್ಕೆ. ಮೊಣಕಾಲಿನ ಕೆಳಗೆಲ್ಲ ಮುಳ್ಳು ಗೀರಿದ ರಕ್ತ. ಯಾರ ಮುಖವನ್ನೂ ನೋಡದೆ ನಲ್ಲಿಯ ಕೆಳಗೆ ತಲೆ ಹಿಡಿದಳು. ಅವಳು ಒಟ್ಟು ಒಂಬತ್ತನೆಯವಳು. ಏಳನೆಯ ಬಾವುಟವೊಂದಕ್ಕೇ ಹನ್ನೆರಡು ನಿಮಿಷ ಹೋಗಿತ್ತು.

ಅವಳು ತಲೆ ಒರೆಸಿಕೊಳ್ಳುವುದರೊಳಗೆ ಅಪ್ಪ ದೂರಿನ ಕಾಗದ ಬರೆದು ತಂದಿದ್ದ. ಏಳನೆಯ ಬಾವುಟ ತಪ್ಪು ಗುಂಡಿಯಲ್ಲಿತ್ತು, ಆದ್ದರಿಂದ ಓಟವನ್ನು ರದ್ದು ಮಾಡಿ ಇನ್ನೊಮ್ಮೆ ನಡೆಸಬೇಕು ಎಂದು. ಕೆಳಗೆ ಓಡಿದವಳ ಸಹಿ ಬೇಕಿತ್ತು. ಪೆನ್ನಿನ ಮುಚ್ಚಳ ತೆಗೆದೇ ಕೊಟ್ಟ.

"ಮೊದಲು ಹೋಗಿ ನೋಡ್ತೀನಿ," ಎಂದಳು ಹುಡುಗಿ.

"ನೋಡೋದೇನಿದೆ?"

"ಸಹಿ ನನ್ನದು ತಾನೆ?"

ನಾಲ್ವರೂ ಹೋದರು. ಮುಂದೆ ಹುಡುಗಿ, ಹಿಂದೆ ಅವಳಪ್ಪ, ಆಮೇಲೆ ಮೇಷ್ಟ್ರು, ಕೊನೆಗೆ ದಾರದುಂಡೆ. ಹುಡುಗಿ ಆರನೆಯ ಬಾವುಟದಿಂದ ನಕ್ಷೆಯನ್ನು ತಿರುಗಿಸಿ ಹಿಡಿದು, ಈ ಸಲ ಬೆರಳನ್ನು ಗೆರೆಯ ಮೇಲೆ ಜಾರಿಸುತ್ತಾ ನಡೆದಳು. ಒಂದು ಏರಿ ದಾಟಿ, ಎರಡನೆಯದು ದಾಟಿ ಗುಂಡಿಗಿಳಿದಳು. ಅಲ್ಲಿ ಬಾವುಟವಿರಲಿಲ್ಲ. ಹಸಿ ಜೇಡಿಯಲ್ಲಿ ಅವಳದೇ ಬೂಟಿನ ಗುರುತುಗಳು ಗಾಣದೆತ್ತು ತಿರುಗಿದಂತೆ ಸುತ್ತು ಸುತ್ತಾಗಿ ಬಿದ್ದಿದ್ದವು. ಅಲ್ಲಿಂದ ಮೂರನೆಯ ಏರಿ ಹತ್ತಿದಳು. ಆಚೆ ಗುಂಡಿಯ ಅಂಚಿನಲ್ಲೇ, ಬಟಾಬಯಲಲ್ಲಿ, ಕಿತ್ತಳೆ-ಬಿಳಿ ಬಾವುಟ ಗಾಳಿಗೆ ತಿರುಗುತ್ತಿತ್ತು. ಬಾವುಟದವರೆಗೆ ಹೆಜ್ಜೆ ಎಣಿಸುತ್ತಾ ಇಳಿದಳು.

"ಹನ್ನೆರಡು," ಎಂದಳು. "ಹನ್ನೆರಡೇ ಹೆಜ್ಜೆ!"

ಮೇಷ್ಟ್ರು ಏರಿಯ ಮೇಲೇ ನಿಂತಿದ್ದರು. ಅಪ್ಪ ಕೆಳಗಿಳಿದು ಅವಳ ಭುಜ ಮುಟ್ಟಿದ. "ಎಲ್ಲ ಗುಂಡಿನೂ ಒಂದೇ ಥರ ಇದೆ. ಯಾರಿಗಾದ್ರೂ ತಪ್ಪುತ್ತೆ. ಅದನ್ನೇ ಬರೆದಿದ್ದು. ಸಹಿ ಹಾಕು ಮಗಳೇ, ಇಂಥ ಅವಕಾಶ ಮತ್ತೆ ಬರಲ್ಲ."

"ಬೇಕರಿ ಆಂಟಿಗೆ ತಪ್ಪಲಿಲ್ಲವಲ್ಲ. ಕುಣಿಯೋಕೆ ಬರದೋಳು ನೆಲ ಡೊಂಕು ಅಂದ ಹಾಗಾಗುತ್ತೆ. ಬಾವುಟ ಅದರ ಜಾಗದಲ್ಲೇ ಇದೆ ಅಪ್ಪ. ಇಲ್ಲದೇ ಇದ್ದೋಳು ನಾನು."

ಕಾಗದವನ್ನು ಮಡಚಿ ಅವನ ಜೇಬಿಗೆ ತುರುಕಿದಳು. ಆಮೇಲೆ ಅತ್ತೆಯ ಕಡೆ ತಿರುಗಿದಳು. ಕಣ್ಣು ಉರಿಯುತ್ತಿತ್ತು.

"ನಿಮ್ಮ ಮೇಲೂ ನನಗೆ ಸಿಟ್ಟಿದೆ. ನಾನು ಇಲ್ಲೇ ಕಳೆದು ಹೋಗ್ತೀನಿ ಅಂತ ಗೊತ್ತಿದ್ದೂ ಇಟ್ರಿ."

"ಗೊತ್ತಿದ್ದೇ ಇಟ್ಟೆ," ಎಂದಳು ದಾರದುಂಡೆ. "ನಿನ್ನ ದಾರಿಗೆ ಅಡ್ಡ ಅಂತ ಇಡಲಿಲ್ಲ. ನಿನಗೋಸ್ಕರ ತೆಗೀಲೂ ಇಲ್ಲ. ಸಿಟ್ಟು ಮಾಡ್ಕೋ. ತೆಗೆದಿದ್ರೆ ನಿನ್ನ ಮುಖ ನೋಡೋಕೆ ನನಗೇ ಆಗ್ತಿರಲಿಲ್ಲ."

"ಅಪ್ಪ ಮೊನ್ನೆ ನಕ್ಷೆ ತಂದಿದ್ರು," ಎಂದಳು ಹುಡುಗಿ ತಟ್ಟನೆ. "ಊಟದ ಮೇಜಿನ ಮೇಲೆ ಇಟ್ಟು, ಸುಮ್ನೆ ಕಣ್ಣಾಡಿಸು ಅಂದ್ರು. ನಾನು ನೋಡಲಿಲ್ಲ. ತಟ್ಟೆ ಎತ್ಕೊಂಡು ಒಳಗೆ ಹೋದೆ. ನೋಡಿದ್ದಿದ್ರೆ ಈಗ ಶಿಬಿರಕ್ಕೆ ಬ್ಯಾಗ್ ತುಂಬ್ತಿದ್ದೆ."

ದಾರದುಂಡೆಗೆ ಹಿಂದಿನ ದಿನ ಸ್ಟೂಲಿನ ಮೇಲೆ ಮಾತಿಲ್ಲದೆ ಕಾಲು ಕುಣಿಸುತ್ತಿದ್ದ ಹುಡುಗಿ ಈಗ ಅರ್ಥವಾದಳು. ಅಪ್ಪಿಕೊಳ್ಳಬೇಕೆನಿಸಿತು. ಆದರೆ ಆ ಹೊತ್ತಿನಲ್ಲಿ ಹುಡುಗಿ ಯಾರ ಅಪ್ಪುಗೆಯನ್ನೂ ಸಹಿಸುವಂತಿರಲಿಲ್ಲ.

ಮೇಷ್ಟ್ರು ಊರುಗೋಲನ್ನು ನೆಲಕ್ಕೂರಿ ಅಣ್ಣನನ್ನು ನೋಡಿದರು. "ಅಧ್ಯಕ್ಷರೇ, ಈ ಮಾತು ಕ್ಲಬ್ಬಿನ ಸಭೇಲಿ ನಾನು ಹೇಳಬೇಕೋ, ನೀವೇ ಹೇಳ್ತೀರೋ?"

ಅಣ್ಣನ ಮುಖದಲ್ಲಿ ಸಿಟ್ಟಿಗಿಂತ ನಾಚಿಕೆ ಹೆಚ್ಚಿತ್ತು. ಅವನು ಏರಿ ಹತ್ತಿ ಅಂಗಳದ ಕಡೆ ಹೊರಟ. ಮೇಷ್ಟ್ರು ಕುಂಟುತ್ತಾ ಅವನ ಹಿಂದೆ ಹೋದರು. ಮುಂದಿನ ವಾರ ಅಣ್ಣ ತಾನಾಗಿಯೇ ಅಧ್ಯಕ್ಷಗಿರಿ ಬಿಟ್ಟ. ತಂಗಿಯ ಜೊತೆ ಮಾತು ಬಿಟ್ಟದ್ದು ಮಾತ್ರ ಐದು ತಿಂಗಳು. ಕ್ಲಬ್ಬಿನವರು ಖಾಲಿ ಕುರ್ಚಿಗೆ ದಾರದುಂಡೆಯನ್ನು ಕರೆದರು. "ನನಗೆ ಕೂತು ಮಾಡೋ ಕೆಲಸ ಅಂಗಡೀಲೇ ಬೇಕಾದಷ್ಟಿದೆ," ಎಂದು ಅವಳು ಒಲ್ಲೆನೆಂದಳು.

ಆದರೆ ಅದೆಲ್ಲ ಆಮೇಲಿನ ಮಾತು. ಅಂದು ಮಧ್ಯಾಹ್ನ ಬಹುಮಾನ ಕೊಟ್ಟು, ಜನ ಕರಗಿದ ಮೇಲೆ, ದಾರದುಂಡೆ ಚೀಲ ಹೆಗಲಿಗೇರಿಸಿ ಬಾವುಟಗಳನ್ನು ಕೀಳಲು ಹೊರಟಳು. ಕೊನೆಯದರಿಂದ ಶುರುಮಾಡಿ ಹಿಂದಕ್ಕೆ ಬರುವುದು ಅವಳ ಪದ್ಧತಿ. ಹತ್ತೊಂಬತ್ತು, ಹದಿನೆಂಟು, ಹದಿನೇಳು. ಹದಿನಾರರ ಗೂಟಕ್ಕೆ ಕೈ ಹಾಕಿದಾಗ ಪೊದೆಗಳ ಆಚೆಯಿಂದ ಕೂಗು ಬಂತು.

"ಅತ್ತೆ! ಅದನ್ನ ಕೀಳಬೇಡಿ!"

ಹುಡುಗಿ ಮನೆಗೆ ಹೋಗಿರಲಿಲ್ಲ. ಕೆಸರು ಮೆತ್ತಿದ ಅದೇ ಅಂಗಿ, ಬೆವರಿಗೆ ನೆನೆದು ಮೆತ್ತಗಾಗಿದ್ದ ಅದೇ ನಕ್ಷೆ. ದೂರದಲ್ಲಿ ಅವಳಪ್ಪ ಕಾರಿನ ಹಾರ್ನ್ ಒತ್ತುತ್ತಿದ್ದ, ಬಿಟ್ಟು ಬಿಟ್ಟು, ಆಮೇಲೆ ಬಿಡದೆ.

"ಒಂದರಿಂದ ಮತ್ತೆ ಓಡ್ತಾ ಇದೀನಿ," ಎಂದಳು ಏದುಸಿರಿನಲ್ಲಿ. "ಎಲ್ಲಾನೂ ಓದ್ಕೊಂಡು. ಈಗ ಹನ್ನೊಂದು ಮುಗೀತು. ಇನ್ನೂ ಅಲ್ಲಿಗೆ ಬಂದಿಲ್ಲ ನಾನು."

"ಅಪ್ಪ ಕರೀತಿದಾನೆ."

"ಕೇಳಿಸ್ತಿದೆ. ಕರೀಲಿ."

ನಕ್ಷೆಯ ಕಡೆ ತಲೆ ಬಗ್ಗಿಸಿ, ನಿಂತಲ್ಲೇ ಅದನ್ನು ಒಂದು ಸುತ್ತು ತಿರುಗಿಸಿದಳು. ತುಟಿಗಳು ಏನನ್ನೋ ಎಣಿಸುತ್ತಿದ್ದವು. ಆಮೇಲೆ ಗುಂಡಿಯ ಕಡೆ, ಓಡಿಯೂ ಅಲ್ಲ, ನಡೆದೂ ಅಲ್ಲ, ಹೊರಟಳು.

ದಾರದುಂಡೆ ಚೀಲ ಬಿಚ್ಚಿದಳು. ಕಿತ್ತಿದ್ದ ಮೂರು ಬಾವುಟಗಳನ್ನು ಹೊರತೆಗೆದು, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ, ಹದಿನೇಳು, ಹದಿನೆಂಟು, ಹತ್ತೊಂಬತ್ತನ್ನು ಅವುಗಳ ಗೂಟದ ತೂತಿನಲ್ಲೇ ಮತ್ತೆ ನೆಟ್ಟಳು. ಕೊನೆಯದನ್ನು ಕಲ್ಲಿನಿಂದ ಬಡಿದು ಭದ್ರ ಮಾಡಿ, ಕಾಲು ಚಾಚಿ ಪಕ್ಕದಲ್ಲೇ ಕೂತಳು.