ಕಾವೇರಮ್ಮನ ಸಕ್ಕರೆ ಕಾಯಿಲೆ

"ಶುಗರಾ ಅಮ್ಮಾ?" ಎಂದು, ಸಿರಿಂಜು ಬೇಕೆಂದದ್ದಕ್ಕೆ ಮೆಡಿಕಲ್ ಶಾಪಿನ ಮಂಜುನಾಥ್ ಕೇಳಿದಾಗ ಕಾವೇರಮ್ಮ ಹೂಂ ಎಂದುಬಿಟ್ಟರು. ಮನೆಯಿಂದ ಗಾಂಧಿ ಬಜಾರಿನವರೆಗೆ ನಡೆದು ಬರುವಾಗ ಬೇರೆ ಏನೇನೋ ನೆಪ ಹೊಂದಿಸಿಕೊಂಡಿದ್ದರು. ಅವನೇ ಸುಲಭ ಮಾಡಿಕೊಟ್ಟ.

"ಇನ್ಸುಲಿನ್ನೂ ಕೊಡ್ಲಾ?"

"ಅದು ಆಸ್ಪತ್ರೇಲಿ ಸಿಗುತ್ತಪ್ಪ. ಸಿರಿಂಜ್ ಮಾತ್ರ ಸಾಕು."

ಮಂಜುನಾಥ್ ಸಣ್ಣ ಸೂಜಿಯ ಸಿರಿಂಜುಗಳನ್ನು ಕಾಗದದ ಕವರಿಗೆ ಹಾಕುತ್ತ, "ನಮ್ಮಮ್ಮಂಗೂ ಇದೆ. ಅನ್ನ ಕಮ್ಮಿ ಮಾಡಿ, ರಾಗಿ ತಿನ್ನಿ," ಎಂದ. ಕಾವೇರಮ್ಮ ಕವರನ್ನು ಚೀಲದಲ್ಲಿ ದಂಟಿನ ಸೊಪ್ಪಿನ ಕೆಳಗೆ ತಳ್ಳಿದರು.

ಸಿರಿಂಜು ಬೇಕಾಗಿದ್ದದ್ದು ಅವರ ಮಗ ಅಭಿರಾಮನಿಗೆ. ಇಪ್ಪತ್ತಾರು ವರ್ಷದವನು. ಬಳೇಪೇಟೆಯ ಹೋಲ್‌ಸೇಲ್ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದಾಗ, ನೋವಿಗೆ ಕೊಡುವ ಇಂಜೆಕ್ಷನ್ನನ್ನು ಅಮಲಿಗಾಗಿ ಚುಚ್ಚಿಕೊಳ್ಳುವುದನ್ನು ಗೆಳೆಯರಿಂದ ಕಲಿತಿದ್ದ. ಕೆಲಸ ಹೋಯಿತು, ಚಟ ಉಳಿಯಿತು. ಎರಡು ಸಲ ಆಸ್ಪತ್ರೆಗೆ ಸೇರಿಸಿ ಬಿಡಿಸಲು ನೋಡಿದರು. ಎರಡು ಸಲವೂ ತಿಂಗಳು ತುಂಬುವುದರೊಳಗೆ ಮತ್ತೆ ಅದೇ ದಾರಿ ಹಿಡಿದ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾಗಿದ್ದ ಅಪ್ಪ ಬದರೀನಾರಾಯಣರು ಅಲ್ಲಿಂದಾಚೆಗೆ ಮಗನ ಜೊತೆ ಮಾತು ಬಿಟ್ಟರು. ಅವನ ಕೋಣೆಯ ಮುಂದೆ ಹಾಯುವಾಗ ಮುಖವನ್ನೂ ಆಚೆ ತಿರುಗಿಸುತ್ತಿದ್ದರು.

ತೊಂಬತ್ತೆಂಟರ ಶಿವರಾತ್ರಿ ಕಳೆದ ವಾರ ಅಭಿರಾಮನ ಮೊಳಕೈ ಕೀವು ತುಂಬಿ ಊದಿಕೊಂಡಿತು. ಕಾವೇರಮ್ಮ ಒಬ್ಬರೇ ಅವನನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದರು. ಡ್ರೆಸಿಂಗ್ ರೂಮಿನ ನರ್ಸ್ ಶಕುಂತಲಮ್ಮ ಗಾಯ ತೊಳೆದು, ರಕ್ತ ಪರೀಕ್ಷೆಗೂ ಕಳಿಸಿದರು. ನಾಲ್ಕು ದಿನದ ಮೇಲೆ, ಅವನ ಒಪ್ಪಿಗೆ ಕೇಳಿಯೇ ತಾಯಿಯನ್ನು ಒಳಗೆ ಕರೆದರು.

"ಏಡ್ಸ್ ಟೆಸ್ಟಲ್ಲಿ ಏನೂ ಬಂದಿಲ್ಲ ಅಮ್ಮಾ. ಪುಣ್ಯ. ಇವ್ನ ಜೊತೆಯವ್ರಲ್ಲಿ ಇಬ್ಬರಿಗೆ ಬಂದಿದೆ. ಒಂದೇ ಸೂಜೀನ ಮೂರು ಮೂರು ಜನ ಚುಚ್ಕೊಂಡ್ರೆ ಇನ್ನೇನಾಗುತ್ತೆ?"

"ಬಿಡಿಸೋಕೆ ಏನೂ ಔಷಧಿ ಇಲ್ವಾ ಸಿಸ್ಟರ್?"

"ಬಿಡ್ತಾನೆ. ಇವತ್ತೇ ಬಿಡಲ್ಲ. ಬಿಡೋ ದಿನ ಬರೋ ತನಕ ಬದುಕಿರ್ಬೇಕಲ್ಲ?" ಶಕುಂತಲಮ್ಮ ದನಿ ತಗ್ಗಿಸಿದರು. "ಪ್ರತಿ ಸಲ ಹೊಸ ಸೂಜಿ. ಯಾರದೂ ತಗೋಬಾರ್ದು, ಯಾರಿಗೂ ಕೊಡಬಾರ್ದು. ಇದನ್ನ ಯಾವ ಡಾಕ್ಟ್ರೂ ಚೀಟೀಲಿ ಬರೆದು ಕೊಡಲ್ಲ. ನಾನು ಹೇಳ್ದೆ ಅಂತ್ಲೂ ಹೇಳ್ಬೇಡಿ."

ಮೊದಲ ಸಲ ಕವರು ಬಿಚ್ಚಿ ನೋಡಿದ ಅಭಿರಾಮ ಗೋಡೆಯ ಕಡೆ ತಿರುಗಿ ಕುಳಿತ.

"ಅಂಗಡಿಗೆ ನೀನೇ ಹೋಗಿ ಕೇಳ್ದ್ಯಾ ಅಮ್ಮಾ?"

"ಕೇಳ್ದೆ. ಆದ್ಮೇಲೆ ಈ ಹಾಲಿನಪುಡಿ ಡಬ್ಬೀಲಿ ಹಾಕಿ ಮುಚ್ಚಳ ಮುಚ್ಚು. ಕಸಕ್ಕೆ ಹಾಕ್ಬೇಡ, ಕಸ ಬಾಚೋ ಪಿಳ್ಳಮ್ಮನ ಕೈಗೆ ಚುಚ್ಚುತ್ತೆ."

ಆ ರಾತ್ರಿ ಅವರಿಗೆ ಊಟ ಸೇರಲಿಲ್ಲ. ಹೆತ್ತ ಮಗನಿಗೆ ಕೈಯಾರೆ ವಿಷ ತಂದುಕೊಟ್ಟೆನಲ್ಲ ಎಂದು ಮತ್ತೆ ಮತ್ತೆ ಅಂದುಕೊಂಡರು. ಆದರೂ ಸೋಮವಾರಕ್ಕೊಮ್ಮೆ ಡಬ್ಬಿಯನ್ನು ಶಕುಂತಲಮ್ಮನ ಕೈಗೆ ಮುಟ್ಟಿಸಿ, ಬರುವ ದಾರಿಯಲ್ಲಿ ಮಂಜುನಾಥನ ಅಂಗಡಿಗೆ ಹೋಗುವುದನ್ನು ತಪ್ಪಿಸಲಿಲ್ಲ. ಗಾಯ ಒಣಗಿತು. ಅಭಿರಾಮ ಊಟದ ಹೊತ್ತಿಗೆ ಮನೆಗೆ ಬರತೊಡಗಿದ. ಎರಡು ವರ್ಷದಿಂದ ತಾಯಿಯ ಕಣ್ಣು ತಪ್ಪಿಸಿ ಓಡಾಡುತ್ತಿದ್ದವನು ಒಂದು ಮಧ್ಯಾಹ್ನ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಅವರೊಂದಿಗೆ ಹುರುಳಿಕಾಯಿಯ ನಾರು ತೆಗೆದ.

ಮಂಜುನಾಥನ ಅಂಗಡಿಯಲ್ಲಿ ಅವರನ್ನು ಕಂಡವರು ಎದುರು ಮನೆಯ ಲಕ್ಷ್ಮೀದೇವಮ್ಮ. ರಾಮನವಮಿಯ ಹೊತ್ತಿಗೆ ಕಾವೇರಮ್ಮನಿಗೆ ಶುಗರಂತೆ ಎಂಬ ಸುದ್ದಿ ಬೀದಿಯೆಲ್ಲ ಹಬ್ಬಿತ್ತು. ಪಾನಕ ಹಂಚುತ್ತಿದ್ದವರು ಕಾವೇರಮ್ಮನ ಸರದಿ ಬಂದಾಗ ಸೌಟು ಹಿಂದಕ್ಕೆಳೆದು, "ನಿಮಗೆ ಬೇಡ ಕಣ್ರೀ, ಮಜ್ಜಿಗೆ ತಗೊಳ್ಳಿ," ಎಂದರು. ಪಕ್ಕದಲ್ಲೇ ನಿಂತಿದ್ದ ಬದರೀನಾರಾಯಣರು ಹೆಂಡತಿಯ ಮುಖ ನೋಡಿದರು.

"ಇಷ್ಟು ವರ್ಷ ಸಂಸಾರ ಮಾಡಿ ನನಗೇ ಹೇಳ್ಲಿಲ್ವೇ ಕಾವೇರಿ?" ಮನೆಗೆ ಬಂದವರೇ ಕೇಳಿದರು.

ಮರುದಿನ ಬೆಳಿಗ್ಗೆ ತಾವೇ ಹಾಗಲಕಾಯಿ ತಂದು, ಎಂದೂ ಅಡುಗೆಮನೆಗೆ ಕಾಲಿಡದವರು ಮಿಕ್ಸಿಯಲ್ಲಿ ಅರೆದು, ಪಂಚೆಯ ಮೇಲೆಲ್ಲ ಹಸಿರು ಚೆಲ್ಲಿಕೊಂಡು ರಸ ಸೋಸಿ ಬಟ್ಟಲಲ್ಲಿ ತಂದುಕೊಟ್ಟರು. ಹೆಂಡತಿ ಕುಡಿದು ಮುಗಿಸುವತನಕ ಎದುರಿಗೆ ನಿಂತರು. ದಿನವೂ ಹಾಗೇ. ಸಂಜೆ ಪಾರ್ಕಿಗೆ ಕರೆದುಕೊಂಡು ಹೋಗಿ, ಅವರ ನಡಿಗೆಗೆ ತಮ್ಮ ನಡಿಗೆ ಹೊಂದಿಸಿ ಸುತ್ತು ಹಾಕುತ್ತಿದ್ದರು. ಮದುವೆಯಾದಂದಿನಿಂದ ಗಂಡ ಒಂದು ಹೆಜ್ಜೆ ಮುಂದಿರದೆ ಪಕ್ಕದಲ್ಲಿ ನಡೆದದ್ದು ಕಾವೇರಮ್ಮನಿಗೆ ನೆನಪಿರಲಿಲ್ಲ. ಇದರಲ್ಲಿ ಕಾಲು ಭಾಗ ಮಗನಿಗೆ ಕೊಡಬಾರದಿತ್ತೇ ಎಂದು ಬಾಯಿಯವರೆಗೆ ಬಂದ ಮಾತನ್ನು ಪ್ರತಿ ಸಲ ನುಂಗಿಕೊಂಡರು.

ಜ್ಯೇಷ್ಠದಲ್ಲಿ ಅಭಿರಾಮನೇ ಕೇಳಿದ: "ಇದನ್ನ ಬಿಡಿಸೋ ಯಾರೋ ಡಾಕ್ಟ್ರ ಹೆಸ್ರು ಸಿಸ್ಟರ್ ಹೇಳಿದ್ರಲ್ಲ. ಆಷಾಢ ಕಳೆದ್ಮೇಲೆ ಒಂದ್ಸಲ ನೋಡ್ಬರೋಣ್ವಾ?"

ಆಷಾಢದಲ್ಲೇ ಎಲ್ಲ ಕೆಟ್ಟಿತು. ಬದರೀನಾರಾಯಣರು, ಬೇಡ ಬೇಡವೆಂದರೂ ಕೇಳದೆ, ಹೆಂಡತಿಯನ್ನು ಲ್ಯಾಬಿಗೆ ಕರೆದೊಯ್ದರು. ಸಂಜೆ ರಿಪೋರ್ಟು ಕೈಗಿಡುತ್ತ ಲ್ಯಾಬಿನವನು ಹೇಳಿದ, "ಇವರಿಗೆ ಶುಗರ್ ಇಲ್ವೇ ಇಲ್ಲ ಸಾರ್. ಇನ್ಸುಲಿನ್ ಯಾರು ಬರೆದುಕೊಟ್ಟಿದ್ದು?"

ಬದರೀನಾರಾಯಣರು ಸರಸರನೆ ಮನೆಗೆ ಬಂದರು. ನೇರವಾಗಿ ಮಗನ ಕೋಣೆಗೆ ಹೋದರು. ಅಭಿರಾಮ ಹೊರಗೆ ಹೋಗಿದ್ದ. ಡಬ್ಬಿ ಸಿಕ್ಕಿತು.

"ತಾಯಾದವಳು ಸೂಜಿ ತಂದುಕೊಡೋದಾ? ನೀನೇ ಕೊಲ್ತಿದೀಯ ಅವನ್ನ!"

"ನಾನು ತಂದುಕೊಟ್ಟೆ ಅಂತ ಅವ್ನು ಚುಚ್ಕೋತಿಲ್ಲ. ತರದಿದ್ರೆ ಇನ್ನೊಬ್ಬರದು ತಗೋತಾನೆ. ಆ ಸಿಸ್ಟರ್ ಹೇಳೋದನ್ನ ಒಂದ್ಸಲ ಕೇಳಿ ಅಂದ್ರೆ..."

"ಸೂಜಿ ಸಿಗದಿದ್ರೆ ತಾನಾಗೇ ಬಿಡ್ತಾನೆ. ಇಷ್ಟು ಸರಳವಾದ ಲೆಕ್ಕ ನಿನ್ನ ತಲೆಗೆ ಹೋಗಲ್ವಾ?"

ಅವರು ಅಂದೇ ಮಂಜುನಾಥನ ಅಂಗಡಿಗೆ ಹೋಗಿ, ನಾಲ್ಕು ಜನ ಗಿರಾಕಿಗಳೆದುರು ಕೂಗಾಡಿದರು. ಮಾರನೆಯ ಸೋಮವಾರ ಕಾವೇರಮ್ಮ ಹೋದಾಗ ಮಂಜುನಾಥ್ ತಲೆ ತಗ್ಗಿಸಿ, "ಬೇಡ ಅಮ್ಮಾ. ಮೇಷ್ಟ್ರು ನನಗೆ ಪಾಠ ಹೇಳಿದೋರು," ಎಂದ. ಪಕ್ಕದ ಮೆಡಿಕಲ್ ಶಾಪಿನವನಿಗೂ ಸುದ್ದಿ ಮುಟ್ಟಿತ್ತು; ಅವನೂ ಕೊಡಲಿಲ್ಲ.

ಅದೇ ವಾರ ಅಭಿರಾಮ ಮನೆ ಬಿಟ್ಟ. ಕಾವೇರಮ್ಮ ಗವಿಪುರಂ ಗುಡಿಯ ಹಿಂದಿನ ಬಂಡೆಗಳ ನಡುವೆ, ಬಳೇಪೇಟೆಯ ತಳ್ಳುಗಾಡಿಗಳ ಸಂದಿಯಲ್ಲಿ ಹುಡುಕಿದರು. ಮನೆಯಲ್ಲಿ ಗಂಡಹೆಂಡಿರ ನಡುವೆ ಅಡುಗೆಯಾಯಿತು, ಹಾಲು ಬಂತು ಎನ್ನುವಷ್ಟೇ ಮಾತು ಉಳಿಯಿತು.

ಕಾರ್ತಿಕದ ಒಂದು ಬೆಳಿಗ್ಗೆ ಅವನು ಗೇಟು ಹಿಡಿದು ನಿಂತಿದ್ದ. ಮೈ ಸುಡುತ್ತಿತ್ತು. ಅದೇ ಆಸ್ಪತ್ರೆ, ಅದೇ ಡ್ರೆಸಿಂಗ್ ರೂಮು. ಈ ಸಲ ರಕ್ತದ ಫಲಿತಾಂಶ ಹೇಳುವಾಗ ಶಕುಂತಲಮ್ಮ ಕುರ್ಚಿ ಎಳೆದುಕೊಂಡು ಕುಳಿತರು. ಆ ಕಾಯಿಲೆಯ ಔಷಧಿ ಆಗ ದೊಡ್ಡ ಹಣವಂತರ ಕೈಗೆ ಮಾತ್ರ ಎಟುಕುವಂಥದು.

"ಒಂದೇ ಇತ್ತು ಅಮ್ಮಾ," ಅಭಿರಾಮ ನೆಲ ನೋಡುತ್ತ ಹೇಳಿದ. "ನಾವು ನಾಲ್ಕು ಜನ."

ಬಾಗಿಲ ಬಳಿ ನಿಂತಿದ್ದ ಬದರೀನಾರಾಯಣರತ್ತ ತಿರುಗಿ ಶಕುಂತಲಮ್ಮ, "ಜೊತೇಲಿ ಊಟ ಮಾಡಿದ್ರೆ ಬರಲ್ಲ ಸಾರ್, ಮುಟ್ಟಿದ್ರೂ ಬರಲ್ಲ. ಅವ್ನನ್ನ ದೂರ ಇಡ್ಬೇಡಿ," ಎಂದರು.

ಅವರು ಕೇಳಿದ್ದು ಒಂದೇ: "ಹೊರಗೆ ಯಾರಿಗಾದ್ರೂ ಗೊತ್ತಾಗುತ್ತಾ?"

ಮಾರನೆಯ ಬೆಳಿಗ್ಗೆ ಕಾವೇರಮ್ಮ ಏಳುವಷ್ಟರಲ್ಲಿ ಹಿತ್ತಲ ಕಟ್ಟೆಯ ಮೇಲೆ ಒಂದು ತಟ್ಟೆ, ಒಂದು ಲೋಟ ಬೇರೆಯಾಗಿದ್ದವು. ಲೋಟದ ಕಂಠಕ್ಕೆ ಕೆಂಪು ದಾರ ಸುತ್ತಿತ್ತು. "ಅವನಿಗೆ ಅದರಲ್ಲೇ ಕೊಡು. ತೊಳೆಯೋದೂ ಅಲ್ಲೇ ಆಗಲಿ," ಎಂದು ಬದರೀನಾರಾಯಣರು ಪೇಪರು ಬಿಡಿಸಿದರು.

ಅಭಿರಾಮ ಹಿತ್ತಲಿಗೆ ಬಂದ. ದಾರ ಸುತ್ತಿದ ಲೋಟದಲ್ಲಿ ಅರ್ಧ ಕಾಫಿ ಕುಡಿದು, ಉಳಿದದ್ದನ್ನು ಕಟ್ಟೆಯ ಮೇಲಿಟ್ಟು ಕೋಣೆಗೆ ಹೋದ.

ಕಾವೇರಮ್ಮ ಆ ಲೋಟ ಎತ್ತಿಕೊಂಡು ನಡುಮನೆಗೆ ಬಂದು, ಗಂಡನೆದುರು ಮಣೆಯ ಮೇಲೆ ಕುಳಿತರು. ಮಡಿ ಮೈಲಿಗೆಯೆಂದು ಬದುಕಿಡೀ ಇನ್ನೊಬ್ಬರ ಎಂಜಲು ತಾಕಿಸಿಕೊಳ್ಳದ ಹೆಂಗಸು. ಲೋಟವನ್ನು ತುಟಿಗೆ ಹಚ್ಚಿ, ಆರಿದ ಕಾಫಿಯನ್ನು ಅವಸರವಿಲ್ಲದೆ ಗುಟುಕು ಗುಟುಕಾಗಿ ಕುಡಿದರು. ಬದರೀನಾರಾಯಣರ ಕೈಯಲ್ಲಿ ಪೇಪರು ಹಾಗೇ ನಿಂತಿತು. ಹೊರಗೆ ಸೊಪ್ಪಿನವಳು ಕೂಗಿಕೊಂಡು ಹೋದಳು. ಕಾವೇರಮ್ಮ ಸೆರಗಿನಿಂದ ಬಾಯಿ ಒರೆಸಿ, ಲೋಟವನ್ನು ಇಬ್ಬರ ನಡುವೆ ನೆಲದ ಮೇಲಿಟ್ಟರು. ದಾರ ಒದ್ದೆಯಾಗಿ ಸ್ಟೀಲಿಗೆ ಅಂಟಿಕೊಂಡಿತ್ತು.