ಕೊಟ್ಟ ತೂಕ

ಕೀರ್ ಕೀರ್ ಎನ್ನುತ್ತಿರುವುದು ಒಂದೇ ಚಕ್ರ, ಉಳಿದ ಮೂರೂ ಬಾಯಿ ಮುಚ್ಚಿಕೊಂಡು ಉರುಳುತ್ತಿವೆ, ಎಡಗಡೆಯ ಹಿಂದಿನದಿರಬೇಕು, ಎಣ್ಣೆಯ ಮುಖ ಕಂಡು ಎಷ್ಟು ಕಾಲವಾಯಿತೋ, ಇಷ್ಟು ದೊಡ್ಡ ಆಸ್ಪತ್ರೆಯಲ್ಲಿ ಒಂದು ತೊಟ್ಟು ಎಣ್ಣೆಗೆ ಬರಗಾಲ, ಎಂದುಕೊಂಡ ಅವನು, ಕಾರಿಡಾರಿನ ಬೆಂಚಿನ ಮೇಲೆ ಕೂತು, ಎರಡೂ ಪಾದ ನೆಲಕ್ಕೊತ್ತಿ — ಒತ್ತದಿದ್ದರೆ ನೆಲ ಎಡಕ್ಕೆ ವಾಲುತ್ತದೆ, ಬೆಳಿಗ್ಗೆಯಿಂದ ಮತ್ತೆ ಶುರುವಾಗಿದೆ ಆ ಹಳೆಯ ಪೀಡೆ — ಮತ್ತು ಆ ತಳ್ಳುಗಾಡಿಯ ಮೇಲೆ ಮಲಗಿರುವವರು ಟೀಚರ್, ಎಕ್ಸ್‌ರೇ ಕೋಣೆಯಿಂದ ವಾರ್ಡಿಗೆ ಒಯ್ಯುತ್ತಿದ್ದಾರೆ, ಹಸಿರು ಹೊದಿಕೆಯ ಕೆಳಗೆ ಎಷ್ಟು ಚಿಕ್ಕವರಾಗಿ ಕಾಣುತ್ತಾರೆ, ನಿಂತಾಗ ಹಾಗಿರಲಿಲ್ಲ, ಇನ್ನು ನಿಲ್ಲುವುದೂ ಅಷ್ಟಕ್ಕಷ್ಟೇ, ಈಗ ತಾನೇ ಡಾಕ್ಟರು ಹೇಳಿಹೋದರು, ಸೊಂಟದ ಮೂಳೆ ಮುರಿದಿದೆ, ಆಪರೇಷನ್ ಮಾಡ್ತೀವಿ, ಈ ವಯಸ್ಸಲ್ಲಿ ಕೋಲು ಹಿಡಿದು ನಡೆದ್ರೆ ಅದೇ ಹೆಚ್ಚು, ನೀವು ಮಗನಾ, ಅಲ್ಲ, ಅವರ ಹತ್ರ ತೈ ಚಿ ಕಲೀತೀನಿ, ಅಂದ್ರೆ ಏನು ಕಲಿಸ್ತಾರೆ, ನಿಲ್ಲೋದು. ಡಾಕ್ಟರಿಗೆ ನಗು ಬಂತು, ಕೆಮ್ಮಿ ಮುಚ್ಚಿಕೊಂಡರು. ಹೇಗೆ ಬಿದ್ರು? ಜಾರಿದ್ರು. ಎರಡನೇ ಸಲವೂ ಅದೇ ಮಾತು, ಮೊದಲಿಗಿಂತ ಸಲೀಸಾಗಿ, ನಾಲಿಗೆಗೆ ಎಲುಬಿಲ್ಲವಲ್ಲ, ಹಾಗಾಗಿ ಅದು ಮುರಿಯುವುದೂ ಇಲ್ಲ. ಟೀಚರ ಮಗಳಿಗೆ ಫೋನ್ ಹೋಗಿದೆ, ಬರುತ್ತಿದ್ದಾಳೆ, ಅವಳೂ ಅದನ್ನೇ ಕೇಳುತ್ತಾಳೆ.

ಸುಳ್ಳು ಹಿಡಿಯುವುದನ್ನೇ ಹೊಟ್ಟೆಪಾಡು ಮಾಡಿಕೊಂಡವನು ಅವನು, ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರು, ಅಂಗಡಿಬೀದಿಗೆ ಕಾಲಿಟ್ಟನೆಂದರೆ ತಕ್ಕಡಿ ಸಾಹೇಬ ಬಂದ ಎಂದು ಒಂದು ಬಾಗಿಲಿಂದ ಇನ್ನೊಂದಕ್ಕೆ ಪಿಸುಮಾತು ಹರಿಯುತ್ತದೆ, ಅವನು ಮಾತೇ ಆಡುವುದಿಲ್ಲ, ತೂಕದ ಕಲ್ಲು ಎತ್ತುತ್ತಾನೆ, ಮಗುಚುತ್ತಾನೆ, ತಳ ನೋಡುತ್ತಾನೆ, ತಳದ ಗುಳಿಯಲ್ಲಿ ಸೀಸವಿರಬೇಕು, ಸೀಸದ ಮೇಲೆ ಸರ್ಕಾರಿ ಮುದ್ರೆ, ಕಳ್ಳರು ತೂಕ ಇಳಿಸಲು ಸೀಸ ಕೆರೆದು ಮೇಣ ತುಂಬಿ ಕಪ್ಪು ಬಳಿದಿರುತ್ತಾರೆ, ಹೆಬ್ಬೆರಳ ಉಗುರು ಒತ್ತಿದರೆ ಸಾಕು, ಒಳಗಿಳಿಯುತ್ತದೆ, ಆ ಇಳಿಯುವ ಗಳಿಗೆ, ಅಂಗಡಿಯವನ ಮುಖ ಸುಟ್ಟ ಬದನೆಕಾಯಿಯಾಗುವ ಗಳಿಗೆ, ಅದರ ಮುಂದೆ ಊಟ ನಿದ್ದೆ ಯಾವ ಲೆಕ್ಕ. ಮೊಸರಲ್ಲಿ ಕಲ್ಲು ಹುಡುಕೋರು ನೀವು, ನನ್ನನ್ನೂ ಒಂದ್ಸಲ ತಲೆಕೆಳಗು ಮಾಡಿ ತಳ ನೋಡ್ಬಿಡಿ ಮಾರಾಯ್ರೆ, ನೆಮ್ಮದಿಯಾಗಿ ಮಲಗ್ತೀರಿ, ಎಂದು ಹೆಂಡತಿ. ಅಂಥವನಿಗೆ ಜ್ವರ ಬಂದು ಹೋಯಿತು, ಹೋಗುವಾಗ ನೆಲವನ್ನು ಓರೆ ಮಾಡಿಟ್ಟು ಹೋಯಿತು. ಬಜಾರಿನ ನಟ್ಟನಡುವೆ ಬಿದ್ದ, ಅವನು ದಂಡ ಹಾಕಿದವರೇ ಕಂಕುಳಿಗೆ ಕೈಕೊಟ್ಟು ಎತ್ತಿದರು, ಪಾಪ, ಸಾಹೇಬರದ್ದೇ ತಕ್ಕಡಿ ಕೆಟ್ಟಿದೆ ಅಂದ ಒಬ್ಬ, ಗೊಳ್ಳೆಂದಿತು ಬೀದಿ, ಅದು ಇವತ್ತಿಗೂ ಕಿವಿಯಲ್ಲಿದೆ. ಕಿವಿಯೊಳಗಿನ ಸಮತೋಲ ಕೆಟ್ಟಿದೆ ಎಂದ ಕಿವಿಯ ಡಾಕ್ಟರು ಮಾತ್ರೆ ಕೊಟ್ಟು ಸೋತು, ತೈ ಚಿ ಅಂತ ಒಂದಿದೆ, ನಿಧಾನಕ್ಕೆ ಚಲಿಸೋದು, ಒಳಶಕ್ತಿ ಬೆಳೆಯುತ್ತೆ ಅಂತಾರೆ, ಕಾಲು ನೆಲಕ್ಕೆ ಕೂರುತ್ತೆ, ನಂಬಿಕಸ್ಥ ಗುರು ನೋಡ್ಕೊಳ್ಳಿ, ಗಲ್ಲಿಗೊಬ್ಬರು ಹುಟ್ಟಿಕೊಂಡಿದ್ದಾರೆ ಅಂದರು. ನಂಬಿಕಸ್ಥ! ಅವನಿಗೆ ಈ ಕೆಲಸ ಹೇಳಿಕೊಡಬೇಕೇ.

ಮೊದಲು ಸಿಕ್ಕವನು ರೇಷ್ಮೆ ನಿಲುವಂಗಿಯ ಗಡ್ಡದ ಗುರು, ಮುಟ್ಟದೆಯೇ ಶಿಷ್ಯರನ್ನು ಬೀಳಿಸುತ್ತಿದ್ದ, ಅಂಗೈ ಚಾಚಿದರೆ ಸಾಕು ಒಬ್ಬೊಬ್ಬರೇ ಹಿಂದಕ್ಕೆ ಹಾರಿ ಹಾಸಿಗೆಯ ಮೇಲೆ ದೊಪ್, ಇವನ ಸರದಿ ಬಂದಾಗ ಗೂಟದ ಹಾಗೆ ನಿಂತ, ಗುರು ಬೆವರಿದ, ನಿನ್ನ ಮನಸ್ಸಿನ ಬಾಗಿಲು ಮುಚ್ಚಿದೆ, ಶಕ್ತಿ ಒಳಗೆ ಹೇಗೆ ಬರಬೇಕು, ಬಾಗಿಲು ಮುಚ್ಚಿದ್ರೆ ತಟ್ಟಿ ಸ್ವಾಮಿ ಅಂದ ಇವನು, ಮೂಲೆಯಲ್ಲೊಬ್ಬಳು ದಪ್ಪ ಹೆಂಗಸು, ಗಂಡನನ್ನು ಕಳೆದುಕೊಂಡು ಆ ವರ್ಷವೇ ಸೇರಿದವಳು, ಅಳತೊಡಗಿದಳು, ಯಾಕ್ರೀ ಹೀಗ್ ಮಾಡ್ತೀರಿ, ನಮಗೆ ಇದೊಂದೇ ಇರೋದು ಅಂದಳು, ಅವನಿಗೆ ಏನೂ ಅನ್ನಿಸಲಿಲ್ಲ, ಅನ್ನಿಸಲಿಲ್ಲವೆಂದರೆ ಸುಳ್ಳು, ಹಿತವೆನ್ನಿಸಿತು, ಬರುವಾಗ ದಾರಿಯುದ್ದಕ್ಕೂ ಸಿಳ್ಳೆ ಹಾಕಿದ. ಎರಡನೆಯವನು ಕನ್ನಡಿಗಳ ಕೋಣೆಯವನು, ಗೋಡೆ ತುಂಬ ಪ್ರಮಾಣಪತ್ರ, ನಿಮ್ಮ ಗುರು ಯಾರು ಎಂದು ಸೋಮವಾರ ಕೇಳಿದಾಗ ಒಂದು ಹೆಸರು, ಗುರುವಾರ ಕೇಳಿದಾಗ ಇನ್ನೊಂದು, ಇಬ್ಬರು ಅಪ್ಪಂದಿರಾ ನಿಮ್ಗೆ ಅಂದು ಎದ್ದು ಬಂದ. ಮೂರನೆಯವರು ಇವರು. ನಿವೃತ್ತ ಡ್ರಿಲ್ ಟೀಚರ್, ಶಾಲೆಯ ಹಿಂದಿನ ಸೈಕಲ್ ಶೆಡ್ಡಿನಲ್ಲಿ ಬೆಳಿಗ್ಗೆ ಕಲಿಸುತ್ತಿದ್ದರು, ಕೊರಳಲ್ಲಿ ಇನ್ನೂ ಸೀಟಿ, ಊದುವುದಿಲ್ಲ, ತೆಗೆಯಲು ಮರೆತಿದ್ದಾರೆ ಅಷ್ಟೇ. ಒಳಶಕ್ತಿ ಅನ್ನೋದು ಇದೆಯಾ ಎಂದು ಬಾಣ ಬಿಟ್ಟ, ಗೊತ್ತಿಲ್ಲಪ್ಪ ಅಂದರು, ನಮ್ಮ ಮಾಸ್ತರು ಇದೆ ಅಂದ್ರು, ನನಗೆ ಕೆಲವು ದಿನ ಅಂಗೈ ಬೆಚ್ಚಗಾಗುತ್ತೆ, ಅದು ಶಕ್ತಿನೋ ರಕ್ತನೋ ನಾನೇನು ಕಂಡೆ, ನೀವು ನಿಂತ್ಕೊಳ್ಳಿ, ಮಂಡಿ ಸ್ವಲ್ಪ ಸಡಿಲ ಬಿಡಿ, ನೆಲ ಎಲ್ಲೂ ಓಡಿಹೋಗಲ್ಲ. ನಿಂತ. ತಿಂಗಳುಗಟ್ಟಲೆ ಬರೀ ನಿಂತ. ಒಂದು ದಿನ ರಸ್ತೆ ದಾಟುತ್ತ ಅರ್ಧಕ್ಕೆ ಬಂದಾಗ ತಿಳಿಯಿತು, ನೆಲ ಸಮವಾಗಿದೆ, ಯಾವಾಗ ಆಯಿತೋ ಗೊತ್ತಿಲ್ಲ, ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದಾನೆ, ಇವನು ರಸ್ತೆಯ ನಡುವೆ ನಿಂತು ಅಳುತ್ತಿದ್ದಾನೆ. ಹೆಂಡತಿಗೆ ಹೇಳಿದ, ಒಬ್ಬರು ಸಿಕ್ಕಿದ್ರು ಕಣೇ, ತಳದವರೆಗೂ ಸೀಸ. ಹೇಳಿದ ರಾತ್ರಿಯೇ ನಿದ್ದೆ ಬರಲಿಲ್ಲ, ಅಷ್ಟು ನಿಜವಾದದ್ದು ಎಲ್ಲಾದರೂ ಉಂಟೇ, ಬೆಳ್ಳಗಿರುವುದೆಲ್ಲ ಹಾಲಲ್ಲ, ಗೊತ್ತಿಲ್ಲ ಎನ್ನುವುದೇ ಎಲ್ಲಕ್ಕಿಂತ ನುಣುಪಾದ ಮೇಣವಾಗಿದ್ದರೆ.

ಇವತ್ತು ಬೆಳಿಗ್ಗೆ ಶೆಡ್ಡಿನಲ್ಲಿ ಟೀಚರ್ ಮತ್ತು ಇವನ ಜೊತೆ, ಇವನಂತೆಯೇ ಕಲಿಯಲು ಬರುವ ಹೊಲಿಗೆಯಕ್ಕ ಒಬ್ಬಳೇ, ಅವಳು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು, ಟೀಚರ್ ಇವನೆದುರು ಬಂದು ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿದರು, ಇವತ್ತು ನನ್ನ ತೂಕ ಪೂರ್ತಿ ನಿಮಗೆ ಕೊಡ್ತೀನಿ, ತಳ್ಳಬೇಡಿ, ಹಿಡೀಬೇಡಿ, ಇರಿ ಅಷ್ಟೇ, ಇದು ಕೊಡೋರದ್ದಲ್ಲ, ತಗೊಳ್ಳೋರ ಪಾಠ. ಮತ್ತೆ ಕೊಟ್ಟರು. ಬಂತು ಅದು, ನಿಧಾನಕ್ಕೆ, ಮಣಿಕಟ್ಟಿನಿಂದ ಮೊಣಕೈಗೆ, ಭುಜಕ್ಕೆ, ಬೆನ್ನಿಗೆ, ಹಿಮ್ಮಡಿಗೆ, ಒಬ್ಬ ಮುದುಕಿಯ ಇಡೀ ಮೈ, ಎಲ್ಲೂ ಒಂದು ಚೂರೂ ಉಳಿಸಿಕೊಳ್ಳದೆ, ಹೆಂಡತಿ ಕೂಡ ಎಂದೂ ಅವನ ಮೇಲೆ ಹಾಗೆ ಒರಗಿರಲಿಲ್ಲ, ಎದೆ ತುಂಬಿಬಂತು, ಕಣ್ಣು ಮಂಜಾಯಿತು — ಆಗಲೇ ಉಗುರು ತುರಿಸಿತು. ನಿಜವಾದ ಗುರುವಿಗೆ ಬೇರಿರುತ್ತದಂತೆ, ಆಸರೆ ತೆಗೆದರೂ ನಿಂತಲ್ಲೇ ನಿಲ್ಲುತ್ತಾರಂತೆ, ಯಾರು ಹೇಳಿದ್ದು ಅದನ್ನು, ಟೀಚರಂತೂ ಹೇಳಿರಲಿಲ್ಲ, ಹೇಳಿದ್ದು ಆ ಗಡ್ಡದವನು, ತಾನೇ ಬಯಲಿಗೆಳೆದ ಕಳ್ಳನ ಮಾತನ್ನು ಕಲ್ಲು ಮಾಡಿಕೊಂಡು ಇವರನ್ನು ತೂಗಿದ, ತೂಗುವವನ ಕಲ್ಲೇ ಸುಳ್ಳು, ಅದು ಈಗ ಈ ಬೆಂಚಿನ ಮೇಲೆ ಹೊಳೆಯುತ್ತಿದೆ, ಆಗ ಹೊಳೆಯಲಿಲ್ಲ, ಆಗ ಎಳೆಯಲಿಲ್ಲ ತಳ್ಳಲಿಲ್ಲ, ಕೈ ತೆಗೆದ, ಅಷ್ಟೇ, ಒಂದು ಹೆಜ್ಜೆ ಬದಿಗೆ ಸರಿದು ನೋಡಿದ. ಅವರು ಕೂಗಲಿಲ್ಲ. ಮೈ ಹೋಯಿತು, ಸಿಮೆಂಟಿಗೆ ಬಡಿಯಿತು, ಕೈ ಮಾತ್ರ ಇವನ ಕೈ ಇದ್ದ ಜಾಗದಲ್ಲೇ ಇತ್ತು, ಅಂಗೈ ತೆರೆದು, ಗಾಳಿಯಲ್ಲಿ, ಮೈಗಿಂತ ಒಂದು ಗಳಿಗೆ ತಡವಾಗಿ ಬಿತ್ತು. ಏನಾಯ್ತು ಏನಾಯ್ತು ಎಂದು ಹೊಲಿಗೆಯಕ್ಕ ತಿರುಗುವಷ್ಟರಲ್ಲಿ ಬಾಯಿ ಹೇಳಿಯಾಗಿತ್ತು, ಜಾರಿದ್ರು. ನೆಲ ಒಣಗಿ ಧೂಳೆದ್ದಿತ್ತು, ಅವಳು ನೆಲ ನೋಡಲಿಲ್ಲ, ಜನ ತಳ ನೋಡುವುದಿಲ್ಲ.

ಮಗಳು ಬಂದಳು, ಔಷಧಿ ಅಂಗಡಿಯ ಬಿಳಿ ಕೋಟಿನಲ್ಲೇ ಓಡಿಬಂದಿದ್ದಾಳೆ, ನೀವೇ ಅಲ್ವಾ ಅಮ್ಮನ ತಕ್ಕಡಿ ಸಾಹೇಬ್ರು, ದಿನಾ ನಿಮ್ಮ ಮಾತೇ ಮನೇಲಿ, ಹೇಗಾಯ್ತು ಅಣ್ಣ, ಅಣ್ಣ ಅಂದಳಲ್ಲ, ಜಾರಿದ್ರಮ್ಮ ಅಂದ, ಅವಳು ಅವನ ಮುಖವನ್ನೇ ನೋಡಿದಳು, ಅಮ್ಮ ಜಾರೋಳಾ, ಬನ್ನಿ, ಅವಳನ್ನೇ ಕೇಳೋಣ, ಸುಳ್ಳು ಬರಲ್ಲ ಅವಳಿಗೆ, ಹಾಡಿನ ಸ್ಪರ್ಧೆಗೆ ಹೋಗ್ಲೇನಮ್ಮ ಅಂತ ನಾನು ಚಿಕ್ಕೋಳಿದ್ದಾಗ ಕೇಳಿದ್ರೆ, ಹೋಗು, ಆದ್ರೆ ಹಾಡಬೇಡ ಅಂದೋಳು. ಅವಳ ಹಿಂದೆ ಗೋಡೆ ಸವರುತ್ತ ನಡೆದ, ನೆಲ ಎಡಕ್ಕೆ, ಇನ್ನೂ ಎಡಕ್ಕೆ, ಹೇಳಿಬಿಡುತ್ತಾರೆ, ಇವನೇ ಕೈ ತೆಗೆದ ಅನ್ನುತ್ತಾರೆ, ಮಗಳು ಕೆನ್ನೆಗೆ ಬಾರಿಸುತ್ತಾಳೆ, ಬಾರಿಸಲಿ, ಇನ್ನು ಆ ಶೆಡ್ಡಿಗೆ ಕಾಲಿಡುವ ಹಾಗಿಲ್ಲ, ಬೇಡ, ಮತ್ತೆ ಬಜಾರಿನಲ್ಲಿ ಬೀಳುತ್ತೇನೆ, ಬೀಳುತ್ತೇನೆ, ಆದರೆ ಹೇಳಲಿ, ದೇವರೇ ಅವರು ಹೇಳಲಿ, ಜಗತ್ತಿನಲ್ಲಿ ಒಂದು, ಒಂದೇ ಒಂದು, ಉಗುರು ಇಳಿಯದ್ದು ಇದೆ ಎಂದಾಗಲಿ, ಹೇಳಬೇಡಿ ಟೀಚರ್, ಹೇಳಿ ಟೀಚರ್. ವಾರ್ಡಿನಲ್ಲಿ ಮಂಚದ ಕಬ್ಬಿಣ ಹಿಡಿದು ನಿಂತ. ಟೀಚರ್ ಮಗಳನ್ನು ನೋಡಿದರು, ಅವನನ್ನು ನೋಡಿದರು, ಅವನ ಕೈಯನ್ನೂ ನೋಡಿದರು, ಅದು ಕಬ್ಬಿಣಕ್ಕೆ ಅಂಟಿಕೊಂಡಿತ್ತು. ಜಾರಿದೆ ಕಣೇ, ಅಂದರು. ನೆಲ ಒದ್ದೆ ಇತ್ತು, ಪಾಪ ಇವರು ಹಿಡ್ಕೊಳ್ಳೋಕೆ ಬಂದ್ರು.

ಬದುಕಿದೆ, ಎಂದುಕೊಂಡ, ಮೈಯೆಲ್ಲ ಹಗುರವಾಯಿತು, ಹಗುರವಾದ ಮರುಗಳಿಗೆ ಹೆಬ್ಬೆರಳು ಒಳಗಿಳಿಯಿತು, ಮೇಣ, ಇಲ್ಲೂ ಮೇಣ, ಸುಳ್ಳು ಹೇಳುವುದಷ್ಟೇ ಅಲ್ಲ, ನೀರು ಬೇರೆ ಸುರಿದು ಹೇಳಿದರಲ್ಲ, ಸಿಕ್ಕಿಬಿದ್ದರು, ಮೂರನೆಯವರೂ ಸಿಕ್ಕಿಬಿದ್ದರು, ಎಂದು ಒಳಗೊಬ್ಬ ಸಿಳ್ಳೆ ಹಾಕುತ್ತಿದ್ದಾನೆ, ಥೂ, ನಿಲ್ಲಿಸೋ, ನಿಲ್ಲಿಸುವುದಿಲ್ಲ. ಮಗಳು ನರ್ಸನ್ನು ಕರೆಯಲು ಹೋದದ್ದೇ ತಡ, ಬಾಗಿ ಅವರ ಕಿವಿಯ ಹತ್ತಿರ ಅಂದೇಬಿಟ್ಟ, ನೆಲ ಒಣಗಿತ್ತು ಟೀಚರ್. ಹೌದು, ಅಂದರು ಅವರು. ಮತ್ತೆ ನೀವೂ ಸುಳ್ಳು ಹೇಳಿದ್ರಿ. ಹೌದಪ್ಪ, ಹೇಳಿದೆ, ಎಂದು ಕಣ್ಣು ಮುಚ್ಚಿದರು, ತುಟಿ ಒಣಗಿ ಒಡೆದಿತ್ತು, ಕಣ್ಣಂಚಿನಲ್ಲಿ ನೋವಿನ ನೀರು, ಒಂದು ಬೈಗುಳವಾದರೂ ಬೈದಿದ್ದರೆ. ಆಮೇಲೆ ಬೆನ್ನು ಉರೀತಿದೆ, ಸ್ವಲ್ಪ ಮಗ್ಗುಲಾಗ್ಬೇಕು, ಕೈ ಕೊಡಿ ಅಂದರು, ಹೊದಿಕೆಯ ಕೆಳಗಿಂದ ಕೈ ಹೊರಬಂತು, ಎದ್ದಿತು, ಅವನತ್ತ ಚಾಚಿತು. ಹಿಡಿ, ಹಿಡಿಯೋ, ಎಷ್ಟು ಹೊತ್ತಿನ ಕೆಲಸ, ಆದರೆ ನೆಲ ವಾಲುತ್ತಿದೆ, ಕಬ್ಬಿಣ ಬಿಟ್ಟರೆ ಬೀಳುತ್ತೇನೆ, ಅದಲ್ಲ, ಅದಲ್ಲ, ಪರೀಕ್ಷೆ ಇರಬಹುದು ಇದು, ನಾನು ಹಿಡಿಯಲು ಹೋದಾಗ ಸರಕ್ಕನೆ ಎಳೆದುಕೊಂಡರೆ, ಅವರ ಜಾಗದಲ್ಲಿ ನಾನಿದ್ದರೆ ಎಳೆದುಕೊಳ್ಳುತ್ತಿದ್ದೆ, ಯಾರಾದರೂ ಎಳೆದುಕೊಳ್ಳುತ್ತಾರೆ, ಕಣ್ಣು ಮುಚ್ಚಿಯೇ ಇದೆ, ನೋಡುತ್ತಿಲ್ಲ, ತೋಳು ನಡುಗುತ್ತಿದೆ, ಇಳಿಯುತ್ತಿಲ್ಲ, ಅಂಗೈ ತೆರೆದೇ ಇದೆ, ಗಾಳಿಯಲ್ಲಿ, ಅಂಗೈ, ತೆರೆದ ಅಂಗೈ